ಚಾವಿ ತಿರುಗಿದರೂ ಎಂಜಿನ್ ತಿರುಗದಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಕುರಿತವು. ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಉತ್ತರಿಸಿದ್ದೇನೆ. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟರಿಗೆ ‘ಸೆಲ್ಫ್’ ಎಂದೇ ಹೆಸರು, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರಿಗೆ ಇಂದಿಗೂ ‘ಡೈನಮೊ’ ಎನ್ನುತ್ತಾರೆ. ಓದುಗರು ಅಂಗಡಿಗೆ ಹೋದಾಗ ಕೇಳಿಬರುವುದು ಈ ಮಾತುಗಳೇ ಆದ್ದರಿಂದ ಇಲ್ಲಿಯೂ ಅವನ್ನೇ ಬಳಸಿದ್ದೇನೆ.

ಪ್ರಶ್ನೆ: ನಾನು ಗದಗಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮದು ಹನ್ನೊಂದು ವರ್ಷದ ಸಣ್ಣ ಪೆಟ್ರೋಲ್ ಕಾರು. ಎರಡು ತಿಂಗಳಿಂದ ಚಾವಿ ತಿರುಗಿಸಿದಾಗ ಒಂದೇ ಸಲ ‘ಟಕ್’ ಎಂದು ಸದ್ದಾಗಿ ಸುಮ್ಮನಾಗುತ್ತದೆ, ಎಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ಚಾವಿ ತಿರುಗಿಸಿದರೆ ಒಮ್ಮೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ ಹೇಳಿದಂತೆ ಹೊಸ ಬ್ಯಾಟರಿ ಹಾಕಿಸಿದೆವು, ತೊಂದರೆ ಹೋಗಲಿಲ್ಲ. ಇನ್ನೊಬ್ಬರು ಈಗ ಸೆಲ್ಫ್ ಮೋಟರನ್ನೇ ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಟಕ್ ಎಂದಾಗ ಹೆಡ್‌ಲೈಟ್ ಮಾತ್ರ ಮಂಕಾಗುವುದಿಲ್ಲ. ಮೋಟರ್ ಬದಲಿಸಲೇಬೇಕೆ?

ಉತ್ತರ: ಬದಲಿಸುವ ಮುನ್ನ ದಯವಿಟ್ಟು ತುಸು ತಡೆಯಿರಿ. ಪತ್ರದ ಕೊನೆಯಲ್ಲಿ ನೀವು ಹೆಡ್‌ಲೈಟಿನ ಬಗ್ಗೆ ಬರೆದ ಒಂದು ವಾಕ್ಯ ಇಬ್ಬರು ಮೆಕ್ಯಾನಿಕರ ಮಾತಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಸುಮಾರು 1 ಕಿಲೋವ್ಯಾಟ್ ಶಕ್ತಿಯದು. ಮನೆಯ ಮೇಲಿನ ತೊಟ್ಟಿಗೆ ನೀರೆತ್ತುವ 1 ಅಶ್ವಶಕ್ತಿಯ ಪಂಪಿಗಿಂತ ಇದು ತುಸು ದೊಡ್ಡದೇ. ಆ ಪಂಪಿಗೆ 230 ವೋಲ್ಟಿನಲ್ಲಿ ಐದಾರು ಆಂಪಿಯರ್ ಸಾಕಾದರೆ, ಕಾರಿನಲ್ಲಿ ಇರುವುದು ಬರೀ 12 ವೋಲ್ಟ್ ಆದ್ದರಿಂದ ಅಷ್ಟೇ ಕೆಲಸಕ್ಕೆ 100ರಿಂದ 200 ಆಂಪಿಯರ್ ಬೇಕಾಗುತ್ತದೆ. ಇಷ್ಟು ಕರೆಂಟ್ ಹರಿದರೆ ಎಂಥ ಹೊಸ ಬ್ಯಾಟರಿಯಾದರೂ ತುಸು ಕುಗ್ಗುತ್ತದೆ, ಹೆಡ್‌ಲೈಟ್ ಒಂದು ಕ್ಷಣ ಮಂಕಾಗುತ್ತದೆ. ನಿಮ್ಮ ಕಾರಿನಲ್ಲಿ ಅದು ಮಂಕಾಗುತ್ತಿಲ್ಲವೆಂದರೆ ಮೋಟರಿನೊಳಗೆ ಕರೆಂಟೇ ಹೋಗುತ್ತಿಲ್ಲ, ದಾರಿಯಲ್ಲಿ ಎಲ್ಲಿಯೋ ತಡೆಯಿದೆ. ಬ್ಯಾಟರಿಯ ಮೇಲೆ ಖರ್ಚು ಮಾಡಿದ ಹಣ ಹೋದದ್ದು ಇಲ್ಲಿಯೇ. ಟಕ್ ಎಂದೊಡನೆ ಹೆಡ್‌ಲೈಟ್ ತೀರಾ ಕೆಂಪಗಾಗಿ ಆರಿಹೋಗುವಂತಾಗಿದ್ದರೆ ಮಾತ್ರ ಬ್ಯಾಟರಿಯನ್ನೋ, ಒಳಗೆ ಸಿಕ್ಕಿಕೊಂಡ ಮೋಟರನ್ನೋ, ಎಂಜಿನ್ನನ್ನೋ ಸಂಶಯಿಸಬೇಕಾಗುತ್ತಿತ್ತು.

ಕರೆಂಟು ಸಾಗುವ ದಾರಿ ಬಹಳ ಉದ್ದದ್ದಲ್ಲ. ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ದಪ್ಪ ಕೇಬಲ್ ಹೊರಟು ಸೆಲ್ಫಿನ ಬೆನ್ನಮೇಲೆ ಕುಳಿತಿರುವ, ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚಾದ ಸೊಲೆನಾಯ್ಡ್‌ಗೆ ಬರುತ್ತದೆ. ಚಾವಿ ತಿರುಗಿಸಿದಾಗ ಒಂದು ತೆಳುವಾದ ವೈರ್ ಮೂಲಕ ಬಂದ ಅಪ್ಪಣೆಯಿಂದ ಸೊಲೆನಾಯ್ಡಿನೊಳಗಿನ ಕಬ್ಬಿಣದ ದಂಡ ಒಳಕ್ಕೆ ಸರಿದು ಎರಡು ಕೆಲಸ ಮಾಡುತ್ತದೆ: ಮುಂದುಗಡೆ ಬೆಂಡಿಕ್ಸ್ ಎಂಬ ಸಣ್ಣ ಗೇರನ್ನು ಎಂಜಿನ್ನಿನ ಫ್ಲೈವೀಲ್ ಚಕ್ರದ ಸುತ್ತ ಇರುವ ರಿಂಗ್ ಗೇರಿನ ಹಲ್ಲುಗಳಿಗೆ ಕಚ್ಚಿಸುತ್ತದೆ, ಹಿಂದುಗಡೆ ತಾಮ್ರದ ಒಂದು ಬಿಲ್ಲೆಯನ್ನು ಎರಡು ದಪ್ಪ ಕಾಂಟ್ಯಾಕ್ಟುಗಳಿಗೆ ಒತ್ತಿ ಮೋಟರಿಗೆ ಕರೆಂಟ್ ಬಿಡುತ್ತದೆ. ನಿಮಗೆ ಕೇಳಿಸುವ ‘ಟಕ್’ ಈ ದಂಡ ಸರಿದ ಸದ್ದು. ಅಲ್ಲಿಂದ ಕರೆಂಟ್ ಕಾರ್ಬನ್ ಬ್ರಷ್, ಅದು ಒತ್ತಿಕೊಂಡಿರುವ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ಹಾಯ್ದು ಮೋಟರಿನ ಮೈಗೆ ಇಳಿದು, ಎಂಜಿನ್ನಿನ ಲೋಹದ ಮೂಲಕ, ಅದನ್ನು ಗಾಡಿಯ ಮೈಗೆ ಸೇರಿಸುವ ಅರ್ಥ್ ಪಟ್ಟಿಯನ್ನು ಹಿಡಿದು ಬ್ಯಾಟರಿಯ ಮೈನಸ್ಸಿಗೆ ಮರಳಬೇಕು. ಸದ್ದು ಬರುತ್ತಿರುವುದರಿಂದ ಚಾವಿ, ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಬಿಡುವ ಸ್ವಿಚ್ಚು) ಬಹುಮಟ್ಟಿಗೆ ನಿರ್ದೋಷಿಗಳು. ಉಳಿಯುವುದು ದಪ್ಪ ಕೇಬಲ್, ಅರ್ಥ್, ತಾಮ್ರದ ಬಿಲ್ಲೆ ಮತ್ತು ಕಾರ್ಬನ್.

ಈ ನಾಲ್ಕರಲ್ಲಿ ಯಾವುದೆಂದು ತಿಳಿಯಲು ಸಾಧಾರಣ ಡಿಜಿಟಲ್ ಮೀಟರ್ ಸಾಕು. ಆದರೆ ಅದನ್ನು ಬಳಸುವ ರೀತಿಯಲ್ಲಿ ಅನೇಕ ಮೆಕ್ಯಾನಿಕರೂ ತಪ್ಪುತ್ತಾರೆ. ಚಾವಿ ತಿರುಗಿಸದೆ ಸೆಲ್ಫಿನ ಬಳಿ ಮೀಟರ್ ಹಿಡಿದು, ‘12 ವೋಲ್ಟ್ ಬರ್ತದ, ವೈರ್ ಸರಿ ಅದ’ ಎಂದುಬಿಡುತ್ತಾರೆ. ನಳದ ಪೈಪಿನಲ್ಲಿ ಕಸ ಕಟ್ಟಿದ್ದರೂ ನಳ ಮುಚ್ಚಿರುವಾಗ ಒತ್ತಡ ಪೂರ್ತಿಯೇ ಇರುತ್ತದೆ. ತಿರುವಿದಾಗಲೇ ಹನಿಹನಿಯಾಗಿ ಬೀಳುವುದು ಗೊತ್ತಾಗುತ್ತದೆ. ಕೇಬಲಿನೊಳಗಿನ ತಾಮ್ರದ ಎಳೆಗಳೆಲ್ಲ ಕಿಲುಬು ಹಿಡಿದು ನಾಲ್ಕೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಮೀಟರಿಗೆ ಬೇಕಾದ ಕರೆಂಟ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಒಂದು ಓಮಿನ ನೂರರಲ್ಲಿ ಒಂದು ಪಾಲಿನಷ್ಟು ತಡೆ ಇದ್ದರೂ 150 ಆಂಪಿಯರಿಗೆ ಒಂದೂವರೆ ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಅಳೆಯುವುದೆಲ್ಲವನ್ನೂ ಮತ್ತೊಬ್ಬರು ಚಾವಿಯನ್ನು ಸ್ಟಾರ್ಟಿನಲ್ಲಿ ಹಿಡಿದಿರುವಾಗಲೇ, ತೊಂದರೆ ಕಾಣಿಸಿಕೊಂಡ ಹೊತ್ತಿನಲ್ಲಿಯೇ ಅಳೆಯಬೇಕು.

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಏಕೆಂದರೆ ಈ ಸಲ ಎಂಜಿನ್ ಸ್ಟಾರ್ಟ್ ಆಗಿಯೇಬಿಟ್ಟರೆ ಬೆಲ್ಟು ಮತ್ತು ಫ್ಯಾನು ಹತ್ತಿರದಲ್ಲೇ ಇರುತ್ತವೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಮೊದಲು ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೆಯೇ, ಅವುಗಳಿಗೆ ಬಿಗಿದ ಕ್ಲ್ಯಾಂಪಿನ ಮೇಲಲ್ಲ, ಒತ್ತಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎರಡನೆಯದಾಗಿ, ಒಂದು ಮೊನೆಯನ್ನು ಮೈನಸ್ ಗೂಟಕ್ಕೂ ಇನ್ನೊಂದನ್ನು ಬಣ್ಣವಿಲ್ಲದ ಎಂಜಿನ್ ಲೋಹಕ್ಕೂ ಹಿಡಿದು ಚಾವಿ ತಿರುಗಿಸಲು ಹೇಳಿ. 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಸರಿ. ಒಂದೆರಡು ವೋಲ್ಟ್ ತೋರಿಸಿದರೆ ದೋಷ ಸಿಕ್ಕಂತೆಯೇ. ಮೂರನೆಯದಾಗಿ ಪ್ಲಸ್ ಗೂಟದಿಂದ ಸೊಲೆನಾಯ್ಡಿಗೆ ಕೇಬಲ್ ಬಂದು ಸೇರುವ ಬೋಲ್ಟಿನವರೆಗೆ ನೋಡಿ, 0.5ಕ್ಕಿಂತ ಹೆಚ್ಚಿರಬಾರದು. ಕೊನೆಯದು ನಿಮ್ಮ ಕಾರಿಗೆ ಬಹಳ ಮುಖ್ಯವಾದದ್ದು. ಸೊಲೆನಾಯ್ಡಿನ ಮೇಲೆ ಎರಡು ದಪ್ಪ ಬೋಲ್ಟುಗಳಿವೆ. ಒಂದಕ್ಕೆ ಬ್ಯಾಟರಿಯ ಕೇಬಲ್, ಇನ್ನೊಂದರಿಂದ ಮೋಟರಿನೊಳಕ್ಕೆ ಹೋಗುವ ಹೆಣೆದ ತಾಮ್ರದ ಪಟ್ಟಿ. ಈ ಎರಡರ ನಡುವೆ ಮೀಟರ್ ಹಿಡಿದಾಗ, ಚಾವಿ ತಿರುಗಿಸುವ ಮೊದಲು 12 ವೋಲ್ಟ್ ಕಾಣಬೇಕು, ಟಕ್ ಎಂದೊಡನೆ ಅದು ಸೊನ್ನೆಯ ಸಮೀಪಕ್ಕೆ ಇಳಿಯಬೇಕು. ಟಕ್ ಎಂದರೂ 12 ಹಾಗೆಯೇ ನಿಂತಿದ್ದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಸವೆದಿದೆ. ಸೊನ್ನೆಗೆ ಇಳಿದು, ಮೋಟರಿನ ಬೋಲ್ಟಿಗೂ ಅದರ ಮೈಗೂ ನಡುವೆ ಪೂರ್ತಿ ವೋಲ್ಟೇಜ್ ಇದ್ದೂ ಮೋಟರ್ ಮಿಸುಕದಿದ್ದರೆ ಕಾರ್ಬನ್ ಮುಗಿದಿದೆ ಅಥವಾ ಆರ್ಮೇಚರ್ ಕೆಟ್ಟಿದೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ನನಗೆ ಹೆಚ್ಚಿನ ಸಂಶಯವಿರುವುದು ಆ ಬಿಲ್ಲೆಯ ಮೇಲೆಯೇ. ಪ್ರತಿ ಸಲ ಒತ್ತಿಕೊಂಡಾಗಲೂ ಅದು ತುಸು ತಿರುಗುತ್ತದೆ. ಸವೆದ ಜಾಗ ಎದುರಾದಾಗ ಬರೀ ಸದ್ದು, ಚೆನ್ನಾಗಿರುವ ಜಾಗ ಎದುರಾದಾಗ ಎಂಜಿನ್ ಸ್ಟಾರ್ಟ್. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಕೆಲಸವಾಗುವುದರ ಗುಟ್ಟು ಇದು. ಕಾರ್ಬನ್ ಸವೆದಾಗಲೂ ಹೀಗಾಗುವುದುಂಟು. ಆಗ ಚಾವಿ ಹಿಡಿದಿರುವಂತೆಯೇ ಸೆಲ್ಫಿನ ಮೈಗೆ ಪಾನಾದಿಂದ ಮೆಲ್ಲಗೆ ತಟ್ಟಿದರೆ ಮೋಟರ್ ತಿರುಗಿಬಿಡುತ್ತದೆ, ಸದ್ದು ಕೂಡ ಮೊದಲಿಗಿಂತ ಮೆತ್ತಗಾಗಿರುತ್ತದೆ. ದಾರಿಯಲ್ಲಿ ಸಿಕ್ಕಿಕೊಂಡಾಗ ಈ ತಟ್ಟುವ ಉಪಾಯ ಮನೆ ಮುಟ್ಟಿಸುತ್ತದೆ ನಿಜ. ಅನೇಕ ಸೆಲ್ಫುಗಳೊಳಗೆ ಅಂಟಿಸಿದ ಅಯಸ್ಕಾಂತಗಳಿರುವುದರಿಂದ ಸುತ್ತಿಗೆಯಿಂದ ಹೊಡೆದರೆ ಅವು ಒಡೆಯುತ್ತವೆ ಎಂಬುದು ನೆನಪಿರಲಿ.

ಎರಡೂ ದೋಷಗಳಿಗೆ ಪೂರ್ತಿ ಮೋಟರ್ ಬದಲಿಸುವ ಅಗತ್ಯವಿಲ್ಲ. ಸೆಲ್ಫ್ ಮತ್ತು ಡೈನಮೊಗಳನ್ನೇ ಬಿಚ್ಚಿ ರಿಪೇರಿ ಮಾಡುವ ಆಟೊ ಎಲೆಕ್ಟ್ರಿಕಲ್ ಅಂಗಡಿಗಳು ನಿಮ್ಮ ಊರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇವೆ. ಕೆಲವು ಸೊಲೆನಾಯ್ಡುಗಳಲ್ಲಿ ತಾಮ್ರದ ಕಾಂಟ್ಯಾಕ್ಟುಗಳನ್ನು ಬಿಡಿಯಾಗಿ ಬದಲಿಸಬಹುದು, ಮುಚ್ಚಳ ಸೀಲ್ ಆಗಿರುವವುಗಳಲ್ಲಿ ಸೊಲೆನಾಯ್ಡನ್ನು ಮಾತ್ರ ಹೊಸದು ಹಾಕಬೇಕು. ಹೇಗೂ ಬಿಚ್ಚಿರುವಾಗ ಕಾರ್ಬನ್ ಬ್ರಷ್ಷಿನ ಉದ್ದವನ್ನು ಹೊಸದರ ಪಕ್ಕದಲ್ಲಿಟ್ಟು ನೋಡಲು ಹೇಳಿ; ಅರ್ಧಕ್ಕೆ ಇಳಿದಿದ್ದರೆ ಬದಲಿಸಿಬಿಡುವುದು ಒಳ್ಳೆಯದು. ಆರ್ಮೇಚರಿನ ತುದಿಯನ್ನು ಹಿಡಿದಿರುವ ಬುಷ್ ಸವೆದು ಆರ್ಮೇಚರ್ ಗೋಡೆಗೆ ಉಜ್ಜಿದ ಗುರುತು ಇದೆಯೇ ಎಂಬುದನ್ನೂ ನೋಡಲಿ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬಿಚ್ಚಿದ ಭಾಗಗಳನ್ನೆಲ್ಲ ಒಟ್ಟಾಗಿ ಸೀಮೆಎಣ್ಣೆಯ ಅಥವಾ ಪೆಟ್ರೋಲಿನ ಡಬ್ಬಿಯಲ್ಲಿ ಅದ್ದಿ ತೊಳೆಯುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಬೆಂಡಿಕ್ಸಿನ ಒಳಗೆ ಕಾರ್ಖಾನೆಯಲ್ಲಿಯೇ ತುಂಬಿದ ಗ್ರೀಸ್ ಇರುತ್ತದೆ. ತೊಳೆದಾಗ ಅದು ಹೊರಬಂದು, ಕೆಲವೇ ತಿಂಗಳಲ್ಲಿ ಬೆಂಡಿಕ್ಸ್ ಜಾರತೊಡಗುತ್ತದೆ. ಅದನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಸೆಲ್ಫನ್ನು ಕಳಚುವ ಮುನ್ನ ಬ್ಯಾಟರಿಯ ಮೈನಸ್ ಕೇಬಲನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಪಾನಾ ಗಾಡಿಯ ಮೈಗೆ ತಗುಲಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಲೋಹದ ಬಳೆ, ಉಂಗುರ, ಕಡಗ ಇರಬಾರದು.

ಅರ್ಥ್ ಪಟ್ಟಿಯ ಬಗ್ಗೆ ಇಷ್ಟೊಂದು ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಗದಗಿಗೆ ಹೊರಟವನು ಅಣ್ಣಿಗೇರಿಯ ಹತ್ತಿರ ಚಹಾಕ್ಕೆಂದು ಗಾಡಿ ನಿಲ್ಲಿಸಿದೆ. ಮರಳಿ ಬಂದು ಚಾವಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಯಿತು. ಎರಡನೆಯ ಸಲ ಹಿಡಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿದರೆ ಆಕ್ಸಿಲರೇಟರ್ ಕೇಬಲಿನ ಕಪ್ಪು ಕವಚ ಮೆತ್ತಗಾಗಿ, ಅದರಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಕೈಯಿಟ್ಟರೆ ಸುಡುವಷ್ಟು ಕಾದಿತ್ತು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಕ್ಲಚ್ ಕೆಲಸ ಮಾಡಿಸಿದ್ದೆ. ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಬರುವ ಅರ್ಥ್ ಪಟ್ಟಿಯನ್ನು ಬಿಚ್ಚಿದವರು ಮರಳಿ ಬಿಗಿದಿರಲಿಲ್ಲ. ದಾರಿ ಕಾಣದ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ಬ್ಯಾಟರಿಗೆ ಮರಳಲು ನೋಡಿತ್ತು. ಡಿಕ್ಕಿಯಲ್ಲಿದ್ದ ಜಂಪರ್ ಕೇಬಲಿನ ಕಪ್ಪು ತಂತಿಯೊಂದನ್ನೇ ತೆಗೆದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದು ತುದಿಯನ್ನು ಎಂಜಿನ್ ಎತ್ತುವ ಕೊಂಡಿಗೂ ಕಚ್ಚಿಸಿದೆ, ಅರ್ಧ ಸುತ್ತು ತಿರುಗುವಷ್ಟರಲ್ಲಿ ಸ್ಟಾರ್ಟ್ ಆಯಿತು. ನಿಮ್ಮಲ್ಲಿ ಮೀಟರ್ ಇಲ್ಲದಿದ್ದರೆ ಅರ್ಥ್ ಪರೀಕ್ಷೆಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ.

ಪ್ರಶ್ನೆ: ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ಮೆಣಸಿನಕಾಯಿ ಚೀಲ ಸಾಗಿಸುವ ಡೀಸೆಲ್ ಪಿಕಪ್ ಇದೆ. ಬೆಳಗಿನ ಜಾವ ಮಾರುಕಟ್ಟೆಗೆ ಹೊರಡುವಾಗ ಸೆಲ್ಫ್ ಹೊಡೆದರೆ ‘ಟಕಟಕಟಕ’ ಎಂದು ಮಿಷಿನ್ ಹೊಡೆದಂತೆ ಸದ್ದು ಬರುತ್ತದೆ. ಮಧ್ಯಾಹ್ನ ಒಂದೇ ಹೊಡೆತಕ್ಕೆ ಚಾಲೂ ಆಗುತ್ತದೆ. ಬ್ಯಾಟರಿಗೆ ಮೂರು ವರ್ಷವಾಗಿದೆ.

ಉತ್ತರ: ಒಂದೇ ಟಕ್ ಬೇರೆ, ಈ ಸರಣಿ ಸದ್ದು ಬೇರೆ. ಸೊಲೆನಾಯ್ಡಿನೊಳಗೆ ಎರಡು ಸುರುಳಿಗಳಿರುತ್ತವೆ, ಒಂದು ದಂಡವನ್ನು ಎಳೆಯಲು, ಇನ್ನೊಂದು ಎಳೆದದ್ದನ್ನು ಹಿಡಿದಿಡಲು. ಬ್ಯಾಟರಿ ಸೊರಗಿರುವಾಗ ಎಳೆಯುವಷ್ಟು ಬಲ ಸಿಗುತ್ತದೆ, ಆದರೆ ಮೋಟರಿಗೆ ಕರೆಂಟ್ ಹೊಕ್ಕೊಡನೆ ವೋಲ್ಟೇಜ್ ಕುಸಿದು ಹಿಡಿದಿಡುವ ಸುರುಳಿ ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜ್ ಮರಳಿ ಏರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಆದ್ದರಿಂದ ನಿಮ್ಮ ಸೆಲ್ಫನ್ನು ಮುಟ್ಟಬೇಡಿ, ಬ್ಯಾಟರಿ ಮತ್ತು ಅದರ ಟರ್ಮಿನಲ್‌ಗಳಿಂದ ಶುರುಮಾಡಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಹೆಚ್ಚು ಒತ್ತಬೇಕಾಗುತ್ತದೆ, ಬೆಳಗಿನ ಚಳಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ಇನ್ನಷ್ಟು ಭಾರವಾಗಿರುತ್ತದೆ. ಹಗಲಿಗೆ ಸಾಲುವ ಬ್ಯಾಟರಿ ನಸುಕಿಗೆ ಸಾಲದಿರುವುದು ಹೀಗೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಬೂಷ್ಟು ಕಟ್ಟಿದ್ದರೆ ಮೈನಸ್ಸನ್ನು ಮೊದಲು ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆಸೋಡಾ ಕರಗಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಒಣಗಿದ ಮೇಲೆ ಕ್ಲ್ಯಾಂಪಿನ ಒಳಮೈಯನ್ನು ಸೀಸ ಹೊಳೆಯುವಂತೆ ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ವ್ಯಾಸಲೀನ್ ಹಚ್ಚಿ. ಮೊದಲೇ ಹಚ್ಚಿ ಬಿಗಿಯುವ ರೂಢಿ ಸರಿಯಲ್ಲ. ನಂತರ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಗೂಟಗಳ ಮೇಲೆ ವೋಲ್ಟೇಜ್ ನೋಡಿ: ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗಿಳಿದರೆ ಅದರ ಕಾಲ ಮುಗಿಯುತ್ತ ಬಂದಿದೆ. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳನ್ನು ಬೇರೆಬೇರೆಯಾಗಿ ನೋಡಿಸಿ. ಎಲ್ಲವೂ 1.260ರ ಮೇಲಿದ್ದು ಒಂದು ಮಾತ್ರ 1.150ಕ್ಕೆ ಇಳಿದಿದ್ದರೆ ಆ ಒಂದು ಸೆಲ್ಲಿಗಾಗಿ ಇಡೀ ಬ್ಯಾಟರಿ ಬದಲಿಸಬೇಕಾಗುತ್ತದೆ. ಆರೂ ಸಮನಾಗಿ ಇಳಿದಿದ್ದರೆ ಬ್ಯಾಟರಿಯ ತಪ್ಪಲ್ಲ, ಅದು ತುಂಬುತ್ತಿಲ್ಲ. ಆಗ ಎಂಜಿನ್ ಓಡುತ್ತಿರುವಾಗ ಅಳೆಯಿರಿ, 13.8ರಿಂದ 14.5 ವೋಲ್ಟ್ ಬಾರದಿದ್ದರೆ ಡೈನಮೊ ಅಥವಾ ಅದರ ಬೆಲ್ಟನ್ನು ನೋಡಿಸಬೇಕು. ಮಾರುಕಟ್ಟೆಯ ಮೆಣಸಿನ ಧೂಳು, ಎರೆ ಮಣ್ಣಿನ ಧೂಳು ಎರಡೂ ಬೆಲ್ಟಿನ ಮೇಲೆ ಕೂತು ಅದು ಜಾರುವುದುಂಟು.

ಅವಸರದಲ್ಲಿ ಅರ್ಧ ನಿಮಿಷ ಒಂದೇ ಸಮನೆ ಸೆಲ್ಫ್ ಹಿಡಿಯುವವರನ್ನು ನೋಡಿದ್ದೇನೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಮತ್ತೆ ಹೊಡೆಯುವ ಮೊದಲು ಒಂದು ನಿಮಿಷ ಆರಲು ಬಿಡಬೇಕು. ಇನ್ನೊಂದು ಗಾಡಿಯಿಂದ ಕರೆಂಟ್ ತೆಗೆದುಕೊಳ್ಳುವುದಾದರೆ ಕೆಂಪು ತಂತಿ ಮೊದಲು ನಿಮ್ಮ ಪ್ಲಸ್ಸಿಗೆ, ಆಮೇಲೆ ಅವರ ಪ್ಲಸ್ಸಿಗೆ. ಕಪ್ಪು ತಂತಿ ಮೊದಲು ಅವರ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಬ್ಯಾಟರಿಗಲ್ಲದೆ ಅದರಿಂದ ದೂರದ ಎಂಜಿನ್ ಲೋಹಕ್ಕೆ. ಕೊನೆಯ ತುದಿಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಬಾಯಲ್ಲಿ ಜಲಜನಕ ಇರುತ್ತದೆ. ಹಾಗೆ ಸ್ಫೋಟಗೊಂಡ ಬ್ಯಾಟರಿಯ ಆಸಿಡ್ ಕಣ್ಣಿಗೆ ಹಾರಿದರೆ ಆಗುವ ಅನಾಹುತಕ್ಕೆ ರಿಪೇರಿಯಿಲ್ಲ.

ಪ್ರಶ್ನೆ: ರಾಣೆಬೆನ್ನೂರಿನಿಂದ. ಚಾವಿ ತಿರುಗಿಸಿದರೆ ಯಾವ ಸದ್ದೂ ಇಲ್ಲ. ಮೀಟರ್ ಬೋರ್ಡಿನ ದೀಪಗಳು ಹೊತ್ತುತ್ತವೆ, ಹಾರ್ನ್ ಜೋರಾಗಿದೆ. ಹೆಚ್ಚಾಗಿ ದೂರದ ಪ್ರಯಾಣ ಮಾಡಿ, ಊಟಕ್ಕೆ ನಿಲ್ಲಿಸಿ, ಕೂಡಲೇ ಹೊರಟಾಗ ಹೀಗಾಗುತ್ತದೆ. ಅರ್ಧ ತಾಸು ಬಿಟ್ಟರೆ ಸರಿಯಾಗುತ್ತದೆ.

ಉತ್ತರ: ಸದ್ದೇ ಇಲ್ಲವೆಂದರೆ ಅಪ್ಪಣೆ ಸೊಲೆನಾಯ್ಡಿಗೆ ತಲುಪುತ್ತಿಲ್ಲ, ಅಥವಾ ತಲುಪಿದರೂ ಸಾಲುತ್ತಿಲ್ಲ. ಸಾಮಾನ್ಯವಾಗಿ ಇಂಥಲ್ಲಿ ಫ್ಯೂಸು, ರಿಲೇ, ಕ್ಲಚ್ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗಲು ಬಿಡುವ ಪೆಡಲಿನ ಸ್ವಿಚ್ಚು, ಆಟೊಮ್ಯಾಟಿಕ್ ಗಾಡಿಯಾದರೆ ಗೇರ್ ಲಿವರಿನ ಸ್ವಿಚ್ಚು, ಇವುಗಳನ್ನು ಒಂದೊಂದಾಗಿ ನೋಡಬೇಕು. ಗೇರ್ ಲಿವರನ್ನು ‘ಪಾರ್ಕ್’ನಿಂದ ‘ನ್ಯೂಟ್ರಲ್’ಗೆ ತಂದಾಗ ಸ್ಟಾರ್ಟ್ ಆದರೆ ದೋಷ ಆ ಸ್ವಿಚ್ಚಿನದು. ಆದರೆ ನಿಮ್ಮ ತೊಂದರೆ ಬಿಸಿಯಾದಾಗ ಮಾತ್ರ ಬರುತ್ತದೆ ಎಂಬುದು ಮುಖ್ಯ. ಕೆಲವು ಗಾಡಿಗಳಲ್ಲಿ ಸೆಲ್ಫ್ ಸೈಲೆನ್ಸರ್ ಪೈಪಿನ ಮಗ್ಗುಲಲ್ಲಿಯೇ ಇರುತ್ತದೆ. ಎಂಜಿನ್ ನಿಂತೊಡನೆ ಗಾಳಿಯೂ ನಿಂತು, ಆ ಶಾಖವೆಲ್ಲ ಸೊಲೆನಾಯ್ಡಿಗೆ ಹತ್ತುತ್ತದೆ. ತಾಮ್ರದ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 0.4 ಪ್ರತಿಶತ ಹೆಚ್ಚುವುದರಿಂದ, 80 ಡಿಗ್ರಿ ಏರಿದರೆ ಸುರುಳಿಯ ತಡೆ 30 ಪ್ರತಿಶತ ಹೆಚ್ಚಿ ಎಳೆಯುವ ಬಲ ಕುಗ್ಗುತ್ತದೆ. ಹಳೆಯ ಇಗ್ನಿಶನ್ ಸ್ವಿಚ್ಚಿನಲ್ಲಿ ಒಂದೆರಡು ವೋಲ್ಟ್ ಮೊದಲೇ ಕಳೆದುಹೋಗುತ್ತಿದ್ದರೆ ಎರಡೂ ಸೇರಿ ದಂಡ ಮಿಸುಕುವುದಿಲ್ಲ. ತೊಂದರೆ ಬಂದಾಗ ಸೊಲೆನಾಯ್ಡಿನ ತೆಳು ವೈರಿನಲ್ಲಿ ಚಾವಿ ಹಿಡಿದು ವೋಲ್ಟೇಜ್ ಅಳೆಸಿ. 10ಕ್ಕಿಂತ ಬಹಳ ಕಡಿಮೆ ಇದ್ದರೆ ಸ್ವಿಚ್ ಅಥವಾ ವೈರಿನ ದೋಷ. ಬ್ಯಾಟರಿಯಿಂದ ಫ್ಯೂಸ್ ಹಾಯ್ದು ಬರುವ ಒಂದು ರಿಲೇ ಹಾಕಿಸಿದರೆ ವಾಸಿಯಾಗುತ್ತದೆ. ಪೂರ್ತಿ ವೋಲ್ಟೇಜ್ ಬಂದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ಬದಲಿಸಿ. ಸೈಲೆನ್ಸರಿಗೂ ಸೆಲ್ಫಿಗೂ ನಡುವೆ ಕಂಪನಿಯವರು ಕೊಟ್ಟ ತಗಡಿನ ಮರೆ ಇರುತ್ತದೆ, ಹಿಂದೆ ಯಾರೋ ಬಿಚ್ಚಿ ಮರಳಿ ಹಾಕದೆ ಬಿಟ್ಟಿರಬಹುದು, ಅದನ್ನೂ ನೋಡಿ.

ಪ್ರಶ್ನೆ: ಧಾರವಾಡದ ನಿವೃತ್ತ ನೌಕರನಾದ ನಾನು ಕಾರನ್ನು ತಿಂಗಳಿಗೊಮ್ಮೆ ಊರಿಗೆ ಹೋಗಲು ಮಾತ್ರ ಬಳಸುತ್ತೇನೆ. ಬ್ಯಾಟರಿ ಇಳಿಯದಿರಲೆಂದು ಪ್ರತಿ ಭಾನುವಾರ ಐದು ನಿಮಿಷ ಎಂಜಿನ್ ಚಾಲೂ ಇಡುತ್ತೇನೆ. ಆದರೂ ಹೊರಡುವ ದಿನ ಸೆಲ್ಫ್ ತಿರುಗುವುದಿಲ್ಲ.

ಉತ್ತರ: ತಮ್ಮ ಕಾಳಜಿ ಸರಿಯಾದದ್ದೇ, ಲೆಕ್ಕ ಮಾತ್ರ ಕೂಡುವುದಿಲ್ಲ. ನಿಂತ ಕಾರಿನಲ್ಲಿಯೂ ಗಡಿಯಾರ, ಲಾಕು, ಎಂಜಿನ್ ಕಂಪ್ಯೂಟರು ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಎಂದು ಹಿಡಿದರೂ ದಿನಕ್ಕೆ 1.2 ಆಂಪಿಯರ್-ಅವರ್, ವಾರಕ್ಕೆ 8.4. ಐದು ನಿಮಿಷದಲ್ಲಿ ಡೈನಮೊ 20 ಆಂಪಿಯರಿನಂತೆ ಕೊಟ್ಟರೂ ಮರಳುವುದು 1.7 ಮಾತ್ರ. ಹೀಗಾಗಿ 35 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರದೊಳಗೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಅರೆಹೊಟ್ಟೆಯಲ್ಲಿ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಬೇಗ ಸಾಯುತ್ತದೆ. ಭಾನುವಾರದ ಐದು ನಿಮಿಷದ ಬದಲು ಹುಬ್ಬಳ್ಳಿಯವರೆಗೆ ಹೋಗಿ ಬನ್ನಿ, ಹೆಚ್ಚುಕಡಿಮೆ 40 ಕಿಲೋಮೀಟರಿನ ಆ ಓಡಾಟ ಬ್ಯಾಟರಿಗೂ ಟಯರಿಗೂ ಒಳ್ಳೆಯದು. ಅದು ಆಗದಿದ್ದರೆ ಗೋಡೆಯ ಪ್ಲಗ್ಗಿಗೆ ಹಾಕಿಡುವ ಸಣ್ಣ ಚಾರ್ಜರ್ ಕೊಳ್ಳಿ.

ಎರಡೇ ವಾರದಲ್ಲಿ ಪೂರ್ತಿ ಖಾಲಿಯಾಗುತ್ತಿದ್ದರೆ ಕರೆಂಟ್ ಕಳ್ಳನೊಬ್ಬ ಇದ್ದಾನೆ. ಮೀಟರನ್ನು 10 ಆಂಪಿಯರಿಗಿಟ್ಟು ಮೈನಸ್ ಗೂಟಕ್ಕೂ ಬಿಚ್ಚಿದ ಮೈನಸ್ ಕೇಬಲಿಗೂ ನಡುವೆ ಸೇರಿಸಿ, ಬಾಗಿಲು ಲಾಕ್ ಮಾಡಿ ಅರ್ಧ ತಾಸು ಕಾಯಬೇಕು, ಏಕೆಂದರೆ ಗಾಡಿಯ ಕಂಪ್ಯೂಟರುಗಳು ನಿದ್ದೆಹೋಗಲು ಅಷ್ಟು ಸಮಯ ಬೇಕು. ಆಗಲೂ ನೂರಾರು ಮಿಲಿಆಂಪಿಯರ್ ತೋರಿಸಿದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಇಳಿಯುತ್ತದೆಂದು ನೋಡಿ. ಆರದ ಡಿಕ್ಕಿಯ ದೀಪ, ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್ ಕ್ಯಾಮೆರಾ ಇವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ನವನಗರದಿಂದ. ಸೆಲ್ಫ್ ‘ಗಿರ್ರ್’ ಎಂದು ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಮಿಸುಕುವುದಿಲ್ಲ.

ಉತ್ತರ: ಬೆಂಡಿಕ್ಸ್ ಜಾರುತ್ತಿದೆ ಅಥವಾ ಮುಂದಕ್ಕೆ ಬಂದು ಕಚ್ಚುತ್ತಿಲ್ಲ. ಅದನ್ನು ಬಿಡಿಯಾಗಿ ಬದಲಿಸಬಹುದು. ಸೆಲ್ಫ್ ಕಳಚಿದಾಗ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ರಿಂಗ್ ಗೇರಿನ ಹಲ್ಲುಗಳನ್ನು ಪೂರ್ತಿ ಒಂದು ಸುತ್ತು ನೋಡಿಸಲು ಮರೆಯಬೇಡಿ. ಎಂಜಿನ್ ಆರಿದಾಗ ಕೆಲವೇ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲಿಯೇ. ಅದು ಸವೆದಿದ್ದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ.

ಪ್ರಶ್ನೆ: ನಮ್ಮ ತಂದೆಯವರ ಅಂಬಾಸಿಡರ್‌ಗೆ ಹ್ಯಾಂಡಲ್ ಹೊಡೆಯಬಹುದಿತ್ತು. ಈಗಿನ ಕಾರುಗಳಿಗೆ ಅದೊಂದನ್ನು ಏಕೆ ಕೊಡುವುದಿಲ್ಲ? ದಬ್ಬಿ ಸ್ಟಾರ್ಟ್ ಮಾಡಬಹುದೆ? (ಸವಣೂರು)

ಉತ್ತರ: ಹ್ಯಾಂಡಲ್ ತಿರುವುವಾಗ ಎಂಜಿನ್ ಹಿಂದಕ್ಕೆ ಒದ್ದು ಮುಂಗೈ ಮುರಿದುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದರು. ಅದನ್ನು ತಪ್ಪಿಸಲೆಂದೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಮುಂದಿನಿಂದ ಹ್ಯಾಂಡಲ್ ತೂರಿಸಲು ಜಾಗವೇ ಇಲ್ಲ. ಕೈಗೇರಿನ ಗಾಡಿಯನ್ನು ಎರಡನೆಯ ಗೇರಿನಲ್ಲಿ ದಬ್ಬಿ ಸ್ಟಾರ್ಟ್ ಮಾಡಬಹುದು, ಆದರೆ ಫ್ಯೂಯಲ್ ಪಂಪು ಮತ್ತು ಕಂಪ್ಯೂಟರು ನಡೆಯುವಷ್ಟಾದರೂ ಬ್ಯಾಟರಿ ಉಳಿದಿರಬೇಕು. ಎಂಜಿನ್ ಚಾಲೂ ಆಗುವವರೆಗೆ ಪವರ್ ಸ್ಟಿಯರಿಂಗ್ ಮತ್ತು ಬ್ರೇಕ್ ಎರಡೂ ಗಡುಸಾಗಿರುತ್ತವೆ, ಆದ್ದರಿಂದ ಇಳಿಜಾರಿನಲ್ಲಿ ಒಬ್ಬರೇ ಈ ಸಾಹಸ ಮಾಡಬಾರದು. ಆಟೊಮ್ಯಾಟಿಕ್ ಗಾಡಿಯಲ್ಲಿ ಇದು ಸಾಧ್ಯವಿಲ್ಲ.

ಪ್ರಶ್ನೆ: ನವಲಗುಂದ ತಾಲೂಕಿನವನು. ಮಳೆಗಾಲದಲ್ಲಿ ಬೆಣ್ಣಿಹಳ್ಳದ ನೀರು ರಸ್ತೆಗೆ ಬಂದಾಗ ದಾಟಲು ಹೋಗಿ ಕಾರು ನಡುವೆ ಆರಿಹೋಯಿತು. ಟ್ರ್ಯಾಕ್ಟರಿನಿಂದ ಎಳೆಸಿದೆವು. ಸೆಲ್ಫ್ ಹೊಡೆದರೆ ಟಕ್ ಎಂದು ಗಟ್ಟಿಯಾಗಿ ನಿಲ್ಲುತ್ತದೆ, ಹೆಡ್‌ಲೈಟ್ ಪೂರ್ತಿ ಮಂಕಾಗುತ್ತದೆ. ಸೆಲ್ಫಿಗೆ ನೀರು ಹೊಕ್ಕಿದೆಯೆ?

ಉತ್ತರ: ಈ ಪತ್ರವನ್ನು ಓದುವಾಗ ನನಗೆ ಆತಂಕವಾಯಿತು. ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ, ಯಾರಿಗೂ ಹೊಡೆಯಲು ಬಿಡಬೇಡಿ, ದಬ್ಬಿಸಲೂ ಬೇಡಿ. ನೀವು ಹೇಳುವ ಲಕ್ಷಣ ಗದಗಿನ ಓದುಗರದಕ್ಕೆ ತೀರಾ ವಿರುದ್ಧವಾದದ್ದು: ಕರೆಂಟ್ ಹೋಗುತ್ತಿದೆ, ಎಂಜಿನ್ನೇ ಬಿಡುತ್ತಿಲ್ಲ. ಗಾಳಿ ಎಳೆಯುವ ಕೊಳವೆಯಿಂದ ಸಿಲಿಂಡರಿನೊಳಗೆ ನೀರು ಹೋಗಿರುವ ಸಂಭವ ಹೆಚ್ಚು. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಬಲವಂತ ಮಾಡಿದರೆ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಬ್ಯಾಟರಿಯ ಮೈನಸ್ ಬಿಚ್ಚಿಡಿ. ಏರ್ ಫಿಲ್ಟರ್ ತೆಗೆದು ಅದು ಒದ್ದೆಯಾಗಿದೆಯೇ ನೋಡಿ. ಒದ್ದೆಯಾಗಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಆದರೆ ಗೇರಿನಲ್ಲಿ ಇಟ್ಟು ಎಳೆಸಬೇಡಿ. ಅಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ಗುಗಳನ್ನು ತೆಗೆಸಿ, ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ಮೆಲ್ಲಗೆ ತಿರುಗಿಸಲು ಹೇಳಿ. ಪ್ಲಗ್ಗಿನ ಕಿಂಡಿಯಿಂದ ನೀರು ಚಿಮ್ಮಿ ಬಂದು ಎಂಜಿನ್ ಹಗುರವಾಗಿ ತಿರುಗಿದರೆ ನೀವು ಅದೃಷ್ಟವಂತರು. ಆಗ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಫಿಲ್ಟರನ್ನೂ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಸೆಲ್ಫನ್ನು ಆ ಬಳಿಕ ಬಿಚ್ಚಿಸಿ ಒಣಗಿಸಿ. ಹಳ್ಳದ ನೀರಿನ ಕೆಸರು ಕಾರ್ಬನ್ ಬ್ರಷ್ಷಿನ ಗೂಡಿನಲ್ಲಿ ಕೂತು ಒಣಗಿದರೆ ಬ್ರಷ್ ಅಲ್ಲಿಯೇ ಸಿಕ್ಕಿಕೊಂಡು, ತಿಂಗಳ ನಂತರ ಬರೀ ‘ಟಕ್’ ಎನ್ನತೊಡಗುತ್ತದೆ.